ಸಂಜೆಯ ಮೂರು ಮಾತ್ರೆ

ಅಬ್ಬೆಯ ಅಂಗೈಯನ್ನು ನೋಡಬಾರದು ಎಂದು ದಿನೇಶ ಭಟ್ಕಳದಲ್ಲಿ ಬಸ್ಸು ಹತ್ತುವಾಗಲೇ ನಿಶ್ಚಯಿಸಿಕೊಂಡಿದ್ದ. ಶಿರಾಲಿ ದಾಟುವಷ್ಟರಲ್ಲಿ ನಾಲ್ಕು ಸಲ ನೋಡಿಯಾಗಿತ್ತು. ಅವಳು ಕಿಟಕಿಯ ಪಕ್ಕ ಕೂತು, ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುವಾಗ ಮಾಡುವ ಹಾಗೆ, ಎರಡೂ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಬಿಟ್ಟುಕೊಂಡಿದ್ದಳು. ಮೀನಿನ ಮುಳ್ಳು ತಾಗಿ ಆದ ಹಳೆಯ ಗೀರುಗಳು, ಕತ್ತಿ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಕಟ್ಟಿದ ಜಡ್ಡು, ಕಪ್ಪಗೆ ಎದ್ದು ಕಾಣುವ ಗೆರೆಗಳು. ಎಲ್ಲಿಯೂ ಕೆಂಪಿಲ್ಲ, ಒಡೆದಿಲ್ಲ. ಯುಗಾದಿಯ ಹೊತ್ತಿಗೆ ಮಾತ್ರೆ ಶುರುವಾದ ಹೊಸತರಲ್ಲಿ ಇದೇ ಅಂಗೈ ದಾಸವಾಳದ ಬಣ್ಣಕ್ಕೆ ತಿರುಗಿ ಪದರ ಪದರವಾಗಿ ಸುಲಿದಿತ್ತು. ಅನ್ನ ಕಲೆಸಲಾಗದೆ ಅವಳು ಚಮಚದಲ್ಲಿ ಉಂಡಿದ್ದಳು, ನಾಚಿಕೊಂಡು, ಗೋಡೆಗೆ ಮುಖ ಮಾಡಿ. ಮಳೆಗಾಲದ ನಡುವೆ ಅದು ತಾನಾಗಿ ವಾಸಿಯಾಯಿತು. ಮೈ ಮದ್ದಿಗೆ ಒಗ್ಗಿಕೊಂಡಿತು ಅಂತ ಕಾಣುತ್ತದೆ, ಅದೃಷ್ಟವಂತರು ಎಂದಿದ್ದರು ಡಾಕ್ಟರು. ಆಗ ಅವನೂ ನಕ್ಕಿದ್ದ. ನಗುವಾಗಲೇ ಅವನಿಗೆ ಗೊತ್ತಿತ್ತೇ? ಇದನ್ನು ತನ್ನೊಳಗೆ ಎಷ್ಟು ಸಲ ಕೇಳಿಕೊಂಡಿದ್ದನೆಂದರೆ, ಈಗ ಉತ್ತರಕ್ಕಿಂತ ಪ್ರಶ್ನೆಯೇ ಅಭ್ಯಾಸವಾಗಿತ್ತು.

ಅವನ ತೊಡೆಯ ಮೇಲಿನ ಚೀಲದಲ್ಲಿ ಗುರುವಾರದ ಸ್ಕ್ಯಾನಿನ ವರದಿ ಇತ್ತು. ಡಾಕ್ಟರಿಗೇ ಕೊಡಬೇಕಾದ ಲಕೋಟೆ. ಅವನು ಅಂಚನ್ನು ಆವಿಗೆ ಹಿಡಿದು ಬಿಡಿಸಿ, ಓದಿ, ಮತ್ತೆ ಅಂಟಿಸಿದ್ದ. ಜೂನಿನಲ್ಲಿ ಕುಗ್ಗಿದ್ದ ಲಿವರಿನ ಗಂಟುಗಳು ಈಗ ಮೊದಲಿಗಿಂತ ದೊಡ್ಡವಾಗಿದ್ದವು, ಹೊಸದಾಗಿ ಎರಡು. ಲಕೋಟೆಯ ಕೆಳಗೆ ಈ ಸುತ್ತಿನ ಖಾಲಿ ಮಾತ್ರೆಪಟ್ಟಿಗಳು, ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ್ದು. ಖಾಲಿ ಪಟ್ಟಿ ತಂದು ತೋರಿಸಿದರೆ ಮಾತ್ರ ಮುಂದಿನ ಮಾತ್ರೆ ಉಚಿತವಾಗಿ ಸಿಗುವುದೆಂಬ ನಿಯಮವಿತ್ತು. ಆ ನಿಯಮ ಅವನಿಗೆ ಇಷ್ಟವಾಗಿತ್ತು. ಅದರ ಜೊತೆಗೆ ತಾನೇ ಒಂದು ನಿಯಮ ಮಾಡಿಕೊಂಡಿದ್ದ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೆಳಗಿನ ಮೂರು ಮಾತ್ರೆಗೆ ಒಂದು ಗುರುತು, ಸಂಜೆಯ ಮೂರಕ್ಕೆ ಒಂದು ಗುರುತು. ಎರಡು ವಾರ ಗುರುತು, ಒಂದು ವಾರ ಬಿಡುವು. ಬೆಳಗಿನದನ್ನು ಅವನೆದುರೇ ನುಂಗುತ್ತಿದ್ದಳು. ಸಂಜೆ ಅವಳು ಮೀನುಪೇಟೆಯಲ್ಲಿರುತ್ತಿದ್ದಳು. ಬೇಡವೆಂದರೂ ಹೋಗುತ್ತಿದ್ದಳು, ಮಾತ್ರೆಯನ್ನು ಎಲೆಯಡಿಕೆ ಸಂಚಿಯಲ್ಲಿ ಹಾಕಿಕೊಂಡು. ಬಂದಮೇಲೆ ಅವನು ಪೆನ್ನು ಹಿಡಿದುಕೊಂಡೇ ಕೇಳುತ್ತಿದ್ದ, "ಸಂಜೆದು ಆತಾ ಅಬ್ಬೆ?" ಅವಳು ಕಾಲು ತೊಳೆಯುತ್ತಾ, "ಆತು" ಅನ್ನುತ್ತಿದ್ದಳು. ಅವನು ಗುರುತು ಹಾಕುತ್ತಿದ್ದ. ಅವಳು ಸುಳ್ಳು ಹೇಳಿರಲಿಲ್ಲ. ಅವಳು ತನ್ನ ಜೀವಮಾನದಲ್ಲಿ ಸುಳ್ಳು ಹೇಳಿದ್ದು ಅವನಿಗೆ ನೆನಪಿಲ್ಲ. ನೀ ನುಂಗಿದೆಯಾ ಎಂದು ಅವನು ಕೇಳಲಿಲ್ಲ, ಅಷ್ಟೇ. ಜುಲೈ ತಿಂಗಳಿನ ನಂತರವಂತೂ ಹಾಗೆ ಕೇಳದ ಹಾಗೆ ಬಹಳ ಎಚ್ಚರ ವಹಿಸಿದ.

"ನೋಡಾ, ಬೋಟೆಲ್ಲ ಒಳಗೇ ನಿಂತದೆ" ಎಂದಳು ಅಬ್ಬೆ. ಕಾಸರಕೋಡು ಬಂದಿತ್ತು. "ಮೀನಿಲ್ಲ ಕಾಣ್ತದೆ. ಗಣಪಿ ಇವತ್ತು ಒಬ್ಳೇ ಏಲಕ್ಕೆ ಹೋಗಾಳೆ. ಅವ್ಳಿಗೀಗ ಕೂಗೂಕೆ ಉಸ್ರೇ ಇಲ್ಲ. ಮೊದ್ಲು ಅವ್ಳು ಕೂಗಿದ್ರೆ ಮಂಗ್ಳೂರಿನೋರು ತಿರುಗಿ ನೋಡ್ತಿದ್ರು."

ಅವನು ಹೂಂ ಅಂದ. ಆ ಹೆಸರನ್ನು ಅವಳು ಇಂದು ಬೇಕೆಂದೇ ತೆಗೆದಳೇ, ಅಥವಾ ಬೋಟು ಕಂಡಿದ್ದರಿಂದ ಬಂತೇ? ಅವನಿಗೆ ನೆನಪಿದ್ದಾಗಿನಿಂದ ಅಬ್ಬೆಯ ಬಾಯಲ್ಲಿ ಬೋಟು, ಬಂಗಡೆ, ಮಳೆ, ಯಾವುದು ಬಂದರೂ ಹಿಂದೆಯೇ ಗಣಪಿ ಬರುತ್ತಿದ್ದಳು. ತೆಂಗಿನಗುಂಡಿಯಲ್ಲಿ ಬೋಟು ನಿಲ್ಲುವ ದಕ್ಕೆಯಲ್ಲಿ ಇಬ್ಬರೂ ಸೇರಿ ಒಂದು ಬುಟ್ಟಿಯನ್ನು ಏಲಂ ಕೂಗುವುದು, ಆಮೇಲೆ ಮರಳಿನ ಮೇಲೆ ಗೋಣಿ ಹಾಸಿ ಎರಡು ಪಾಲು ಮಾಡುವುದು. ಅದಕ್ಕೊಂದು ಕ್ರಮ. ಒಬ್ಬಳು ಪಾಲು ಮಾಡಿದರೆ ಇನ್ನೊಬ್ಬಳು ಮೊದಲು ಎತ್ತಿಕೊಳ್ಳಬೇಕು. ಆದ್ದರಿಂದ ಪಾಲು ಮಾಡುವವಳು ಒಂದು ತಾರ್ಲೆ ಮೀನನ್ನೂ ಆಚೆ ಈಚೆ ಮಾಡುವುದಿಲ್ಲ. ಚಿಕ್ಕವನಿದ್ದಾಗ ಅವನು ಆ ಎರಡು ರಾಶಿಗಳ ನಡುವೆ ಕೂತು ಯಾವುದು ದೊಡ್ಡದೆಂದು ಹೇಳಲು ನೋಡುತ್ತಿದ್ದ, ಹೇಳಲಾಗುತ್ತಿರಲಿಲ್ಲ. ಅಪ್ಪ ಬೋಟಿನಲ್ಲಿ, ಅಬ್ಬೆ ಊರೂರು ಬುಟ್ಟಿ ಹೊತ್ತು. ಜ್ವರ ಬಂದರೆ ಅವನನ್ನು ಗಣಪಿಯ ಜಗುಲಿಯಲ್ಲಿ ಮಲಗಿಸಿ ಹೋಗುತ್ತಿದ್ದರು. ಅವಳ ಗಂಡ ಮಾಬ್ಲ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳನ್ನು ಚಿಕ್ಕಿ ಎಂದು ಕರೆಯಲು ಯಾರೂ ಹೇಳಿಕೊಟ್ಟದ್ದಲ್ಲ. ಸಂಜೆ ಕಾಲೇಜಿಗೆ ಸೇರಿದ ಮೇಲೆ ಮಾತ್ರ ಒಮ್ಮೆ, ಕಾಲೇಜಿನ ಗೇಟಿನೆದುರು, ಬುಟ್ಟಿ ಹೊತ್ತ ಇಬ್ಬರೂ ಎದುರಾಗಿ, ಗಣಪಿ "ಏ ದಿನೇಶಾ" ಎಂದು ಕೂಗಿದಾಗ ಅವನು ಬೂಟಿನ ಲೇಸು ಕಟ್ಟಲು ಬಗ್ಗಿದ್ದ. ಅವನ ಬೂಟಿಗೆ ಲೇಸೇ ಇರಲಿಲ್ಲ. ಅದು ಹದಿನೆಂಟು ವರ್ಷದ ಹಿಂದಿನ ಮಾತು. ಆದರೂ ಹಲ್ಲುಜ್ಜುವಾಗ, ಅಥವಾ ಯಾರಾದರೂ ಅವನನ್ನು ಹೊಗಳುವಾಗ, ಆ ಇಲ್ಲದ ಲೇಸು ನೆನಪಾಗುತ್ತಿತ್ತು.

ಈಗ ಅವನು ಮೀನು ಮಾರುವ ಹೆಂಗಸರ ಸಂಘದ ಗುಮಾಸ್ತ. ಸದಸ್ಯರಿಗೆ ದೊಡ್ಡ ಕಾಯಿಲೆಯಾದರೆ ಸಂಘ ಒಂದು ದಾಖಲೆ ಬರೆದು ಕಳಿಸಬೇಕು; ಆಮೇಲೆ ಮದ್ದು ಉಚಿತ. ಅಬ್ಬೆಯ ಅರ್ಜಿಯನ್ನು ಅವನು ಒಂದೇ ದಿನದಲ್ಲಿ ಕಳಿಸಿದ್ದ. ಮೇ ತಿಂಗಳಲ್ಲಿ ಗಣಪಿ ಬಂದಳು. ಅಬ್ಬೆಗಾದದ್ದೇ ಅವಳಿಗೂ ಆಗಿತ್ತು, ಎರಡು ವರ್ಷ ಮೊದಲೇ. ಎಡ ಎದೆಯನ್ನು ತೆಗೆಸಿಕೊಂಡು ಬಂದು ಮೂರನೆಯ ತಿಂಗಳಿಗೆ ಬುಟ್ಟಿ ಹೊತ್ತಿದ್ದಳು. ಈಗ ರೋಗ ಮರಳಿತ್ತು. ದೊಡ್ಡಾಸ್ಪತ್ರೆಯವರು ಅಬ್ಬೆಯ ಮಾತ್ರೆಯನ್ನೇ ಅವಳಿಗೂ ಬರೆದಿದ್ದರು. ಅರ್ಜಿ ತುಂಬುವಾಗ ನೋಡಿದರೆ ಅವಳ ಆಧಾರ್ ಚೀಟಿಯಲ್ಲಿ ಪುರುಷ ಎಂದು ಬಿದ್ದಿತ್ತು. "ಚಿಕ್ಕಿ, ಇದು ಹೀಗೇ ಹೋದ್ರೆ ತಿರಸ್ಕಾರ ಆಗ್ತದೆ. ಕಂಪ್ಯೂಟರಿನಲ್ಲಿ ನೀವು ಗಂಡಸು" ಎಂದ. ಅವನು ಕಚೇರಿಯಲ್ಲಿ ಅವಳನ್ನು ನೀವು ಎನ್ನುತ್ತಿದ್ದ. ಅದು ಅವಳಿಗೆ ತಮಾಷೆಯಾಗಿ ಕಂಡಿರಬೇಕು. ಸೊಂಟಕ್ಕೆ ಕೈಕೊಟ್ಟು, ಕಚೇರಿಗೆಲ್ಲ ಕೇಳುವ ಹಾಗೆ, "ನಾ ಗಂಡ್ಸಾದ್ರೆ ಮೊಲೆ ಕೊಯ್ಸ್ಕಂಡದ್ದು ಎಂತಕಂತೆ, ಕೇಳು ನಿನ್ನ ಕಂಪ್ಯೂಟರಿಗೆ! ನಿನ್ನ ಕುಂಡೆ ತೊಳ್ದ ಕೈ ಇದು, ನಿಂಗೆ ಗೊತ್ತಿಲ್ವಾ ನಾ ಗಂಡ್ಸೋ ಹೆಂಗ್ಸೋ?" ಎಂದಳು. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಕಾರ್ಯದರ್ಶಿ ಕೃಷ್ಣಾನಂದರು ಗಾಜಿನ ಕೋಣೆಯಿಂದ ಹೊರಬಂದು, ಏನೆಂದು ಕೇಳಿ ತಿಳಿದು, ಅವರೂ ನಕ್ಕರು. ಅವನೂ ನಕ್ಕ. ನಕ್ಕು, ಮುಂದಿನ ವಾರ ಬನ್ನಿ ಎಂದು ಅರ್ಜಿಯನ್ನು ಡ್ರಾಯರಿಗೆ ಹಾಕಿದ.

ಅದನ್ನು ತಡೆಯಬೇಕೆಂದು ಅವನು ಎಣಿಸಿರಲಿಲ್ಲ. ಇದು ಸತ್ಯ. ಮರುದಿನ ತೆಗೆಯುತ್ತೇನೆ ಅಂದುಕೊಂಡ. ಮರುದಿನ ಕೃಷ್ಣಾನಂದರು ಚಹಾ ಕುಡಿಯುತ್ತಾ, "ಏನಾ, ಆ ಕೈ ಸರೀ ತೊಳೆದಿತ್ತಾ?" ಎಂದು ಕಣ್ಣು ಹೊಡೆದರು. ಡ್ರಾಯರು ಎಳೆದರೆ ಆ ನಗು ಹೊರಗೆ ಬರುತ್ತಿತ್ತು. ಅವನು ಎರಡನೇ ಡ್ರಾಯರನ್ನು ಬಳಸತೊಡಗಿದ. ಗಣಪಿ ಎರಡು ಸಲ ಬಂದಳು, ಮೂರನೆಯ ಸಲ ಬರಲಿಲ್ಲ. ಬರದೆ ಇದ್ದದ್ದು ಅವನಿಗೆ ಸಮಾಧಾನ ಕೊಟ್ಟಿತ್ತು. ಬೇರೆ ಎಲ್ಲಿಂದಲೋ ವ್ಯವಸ್ಥೆಯಾಗಿರಬೇಕು ಎಂದುಕೊಂಡ.

ಬಸ್ಸು ಶರಾವತಿ ಸೇತುವೆಗೆ ಬಂತು. ಅಬ್ಬೆ ಕಿಟಕಿಯಿಂದ ನದಿಗೆ ಕೈ ಮುಗಿದಳು. ಆ ಕೈಗಳು ಕೂಡುವುದನ್ನು ನೋಡುವಾಗ ಜುಲೈ ತಿಂಗಳ ಇನ್ನೊಂದು ಕೈ ಅವನ ಬೆರಳುಗಳಿಗೆ ನೆನಪಾಯಿತು. ಬೋಟುಗಳಿಗೆ ರಜೆಯ ಕಾಲ. ಸಂಘದಲ್ಲಿ ಅಕ್ಕಿ ಹಂಚುತ್ತಿದ್ದರು. ಹೆಬ್ಬೆಟ್ಟಿನ ಯಂತ್ರಕ್ಕೆ ಬೆರಳು ಒತ್ತಬೇಕು. ಗಣಪಿ ಒತ್ತಿದಳು, ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದಳು, ತಲೆಗೂದಲಿಗೆ ಉಜ್ಜಿ ಒತ್ತಿದಳು, ಕೆಂಪು ದೀಪ. "ಇದಕ್ಕೂ ನಾ ಗಂಡ್ಸು ಕಾಣ್ತದೆ" ಎಂದಳು, ಈ ಸಲ ಮೆತ್ತಗೆ. ಅವನು ಅವಳ ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಸರಿಯಾಗಿ ಕೂರಿಸಲು ಹೋದ. ಬೆರಳ ತುದಿ ಬೇಯಿಸಿ ಸಿಪ್ಪೆ ಸುಲಿದ ಹಲಸಿನ ಬೀಜದಷ್ಟು ನುಣುಪಾಗಿತ್ತು. ಅಂಗೈ ದಾಸವಾಳದ ಕೆಂಪು. ಅಬ್ಬೆಯ ಮಾತ್ರೆಯ ಪೆಟ್ಟಿಗೆಯೊಳಗೆ ಮಡಿಸಿಟ್ಟಿದ್ದ ಚೀಟಿಯನ್ನು ಅವನು ಶಬ್ದಕೋಶ ಇಟ್ಟುಕೊಂಡು ಸಾಲು ಸಾಲಾಗಿ ಓದಿದ್ದ. ಸಂಜೆ ಕಾಲೇಜಿನಲ್ಲಿ ಕಲಿತವನಿಗೆ ಯಾವುದನ್ನೂ ಬಿಡಬಾರದೆಂಬ ಭಯ. ಬೆರಳಚ್ಚು ಮಾಸಿಹೋಗಬಹುದು ಎಂಬ ಸಾಲು ಅಲ್ಲಿತ್ತು. ಅವನು ಮಣಿಕಟ್ಟನ್ನು ಬಿಟ್ಟ. ಮನೆಯಲ್ಲಿ ಒಂದು ಅಂಗೈ ವಾಸಿಯಾಗುತ್ತಿದೆ, ಇಲ್ಲಿ ಒಂದು ಸುಲಿಯುತ್ತಿದೆ. ಇದಕ್ಕಿಂತ ಸರಳವಾದ ಲೆಕ್ಕವಿಲ್ಲ. "ಮಂಜುಗಡ್ಡೆ ಹಿಡಿದು ಹಾಗಾಗ್ತದೆ, ಕೊಬ್ಬರಿ ಎಣ್ಣೆ ಹಚ್ಚಿ" ಎಂದು ಹೇಳಿ, ಅವಳಿಗೆ ಅಕ್ಕಿ ಕೊಡಿಸಿ, ಮುಂದಿನವರನ್ನು ಕರೆದ. ಆ ದಿನವೂ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿದ. ಬಾಯಿಬಿಟ್ಟರೆ ಮೊದಲ ಪ್ರಶ್ನೆ ಬರುವುದು ಡ್ರಾಯರಿಗೇ. ಗಣಪಿಗೆ ಬರಬೇಕಾದ ಮಾತ್ರೆ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಅವರು ಹೋಗುತ್ತಿದ್ದ ಕುಮಟೆಯ ಆಸ್ಪತ್ರೆಗೆ ಕ್ಯಾನ್ಸರ್ ಡಾಕ್ಟರು ತಿಂಗಳಿಗೆ ಎರಡು ಶನಿವಾರ ಬರುತ್ತಿದ್ದರು. ಶರ್ಮಿಳಾ ಎಂದು ಹೆಸರು, ನಲವತ್ತರ ಆಸುಪಾಸು, ಮಾತಾಡುವಾಗ ರೋಗಿಯ ಮುಖವನ್ನೇ ನೋಡುವವರು. ಲಕೋಟೆಯ ಅಂಚು ಉಬ್ಬಿದ್ದನ್ನು ಅವರು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಹಾಳೆಯನ್ನು ತೆಗೆದು, ಜೂನಿನದರ ಪಕ್ಕ ಇಟ್ಟುಕೊಂಡು, ಬಹಳ ಹೊತ್ತು ಓದಿದರು.

"ಈರಮ್ಮ, ಮೊದಲು ಈ ಮಾತ್ರೆಗೆ ಗಂಟು ಬಗ್ಗಿತ್ತು. ಈಗ ಬಗ್ಗುತ್ತಿಲ್ಲ."

"ಎಂತಕೆ ಡಾಕ್ಟ್ರೆ?"

"ಕ್ಯಾನ್ಸರಿನ ಕಣಗಳು ಕಲೀತಾವೆ. ಒಳಗೆ ಬಂದ ಮದ್ದನ್ನು ಹೊರಗೆ ಚೆಲ್ಲಲಿಕ್ಕೆ ಪಂಪು ಇಟ್ಟುಕೊಳ್ತಾವೆ. ಒಂದು ಮದ್ದಿಗೆ ಕಲಿತದ್ದು ಎಷ್ಟೋ ಸಲ ಬೇರೆ ನಾಲ್ಕಕ್ಕೂ ಉಪಯೋಗಕ್ಕೆ ಬರ್ತದೆ ಅವಕ್ಕೆ. ಅದೇ ದೊಡ್ಡ ತಾಪತ್ರಯ."

"ಬೋಟಿನ ತಳದಾಗೆ ನೀರು ಬಂದ್ರೆ ಹೊರಗೆ ಹಾಕ್ತಾರಲೆ, ಹಂಗಾ?"

"ಹಾಗೇ."

"ಹಂಗಾರೆ ಬೋಟು ಮುಳುಗೂದಿಲ್ಲ" ಎಂದಳು ಅಬ್ಬೆ. ಒಂದು ಕ್ಷಣ, ಬೋಟು ಯಾರ ಪರವೆಂದು ಮರೆತವಳ ಹಾಗೆ, ಅವಳ ದನಿಯಲ್ಲಿ ಮೆಚ್ಚುಗೆ ಇತ್ತು.

ಡಾಕ್ಟರು ನಕ್ಕರು. ಆಮೇಲೆ ಅವನ ಕಡೆ ತಿರುಗಿದರು. "ಒಂದು ಮಾತು ಸರಿಯಾಗಿ ಹೇಳಿ. ಮಾತ್ರೆ ಪೂರ್ತಿ ತಗೊಂಡಿದ್ದಾರಾ? ಬಿಟ್ಟದ್ದು, ಮರೆತದ್ದು, ವಾಂತಿಯಾದದ್ದು?"

ಅವನು ಚೀಲದಿಂದ ಖಾಲಿ ಪಟ್ಟಿಗಳ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟ. ಕ್ಯಾಲೆಂಡರಿನ ಹಾಳೆಗಳನ್ನೂ ಇಟ್ಟ. "ಒಂದೂ ತಪ್ಪಿಲ್ಲ ಮೇಡಂ" ಎಂದ. ತನ್ನ ದನಿ ತನಗೇ ಪರೀಕ್ಷೆಯಲ್ಲಿ ಉತ್ತರ ಹೇಳುವವನ ದನಿಯ ಹಾಗೆ ಕೇಳಿತು. ಡಾಕ್ಟರು ಹಾಳೆಗಳನ್ನು ಒಂದೊಂದಾಗಿ ಮಗುಚಿ, "ಎಲ್ಲರೂ ನಿಮ್ಮ ಹಾಗೆ ನೋಡಿಕೊಂಡರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ" ಎಂದರು. ಅಬ್ಬೆ ತನ್ನ ಅಂಗೈಯನ್ನು ಸೀರೆಯ ಮಡಿಕೆಯೊಳಗೆ ಸೇರಿಸಿದಳು, ಅಷ್ಟನ್ನು ಅವನು ಕಂಡ.

ಹಾಗಾದರೆ ಈ ಮದ್ದು ಸೋತಿತು ಅಂತಲೇ ಲೆಕ್ಕ, ಎಂದು ಡಾಕ್ಟರು ಬರೆಯತೊಡಗಿದರು. ಈ ಗುಂಪಿನ ಮದ್ದುಗಳನ್ನೆಲ್ಲ ಬಿಡಬೇಕು. ನರಕ್ಕೆ ಹಾಕುವ ಬೇರೆ ಮದ್ದು, ಕಟುವಾದದ್ದು, ಹೃದಯಕ್ಕೆ ತೊಂದರೆ ಕೊಡಬಹುದು, ಈ ವಯಸ್ಸಿನಲ್ಲಿ ಸ್ವಲ್ಪ ಭಯವೇ, ಆದರೆ ಬೇರೆ ದಾರಿ ಕಾಣುತ್ತಿಲ್ಲ. ಪೆನ್ನು ಹಾಳೆಯ ಮೇಲೆ ಓಡುತ್ತಿತ್ತು. ದಿನೇಶ ಆ ಪೆನ್ನನ್ನೇ ನೋಡಿದ. ಅದು ಅವನ ಕ್ಯಾಲೆಂಡರಿನ ಗುರುತುಗಳಿಂದ ಹೊರಟು ಅಬ್ಬೆಯ ಹೃದಯದ ಕಡೆಗೆ ಹೋಗುತ್ತಿತ್ತು. ತಾನು ಹಾಕಿದ ಗುರುತುಗಳನ್ನು ಒಬ್ಬರು ಇಷ್ಟು ಗೌರವದಿಂದ ನಂಬುತ್ತಾರೆಂದು ಅವನು ಎಣಿಸಿರಲಿಲ್ಲ. ಇನ್ನೊಂದು ಸಾಲು ಬರೆದರೆ ತಾನು ಎಂದಿಗೂ ಹೇಳಲಾರೆ ಅನ್ನಿಸಿತು.

"ಮೇಡಂ, ಅಬ್ಬೆ ಸಂಜೆಯ ಮಾತ್ರೆ ತಗೊಳ್ತಿರಲಿಲ್ಲ. ಬೇರೆಯವರಿಗೆ ಕೊಡ್ತಿದ್ಲು."

ಹೇಳಿದ ಮೇಲೆ ಕೇಳಿಸಿತು, ವಾಕ್ಯದಲ್ಲಿ ತಾನೆಲ್ಲೂ ಇಲ್ಲ ಎಂದು.

ಪೆನ್ನು ನಿಂತಿತು. ಡಾಕ್ಟರು ಅಬ್ಬೆಯನ್ನು ನೋಡಿದರು. ಸಿಟ್ಟು ಮೆಲ್ಲಗೆ ಏರಿತು. "ಏನಮ್ಮ ಇದು? ಇದೇನು ಮೀನಾ ಹಂಚಲಿಕ್ಕೆ? ಅರ್ಧ ಮದ್ದು ಕೊಟ್ಟರೆ ಅದು ಸಾಯುವುದಿಲ್ಲ, ಪಾಠ ಕಲೀತದೆ. ನೀವೇ ಕೂತು ಪಾಠ ಹೇಳಿಕೊಟ್ಟ ಹಾಗಾಯ್ತು. ಗೊತ್ತಾಗುವುದಿಲ್ಲವಾ ನಿಮಗೆ?"

ಅಬ್ಬೆ ತಲೆ ತಗ್ಗಿಸಿ, "ತಪ್ಪಾತು ಡಾಕ್ಟ್ರೆ" ಎಂದಳು. ಅವಳು ಮಗನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ಹೇಳಿಬಿಡುತ್ತಿದ್ದ, ಅಥವಾ ಹಾಗೆಂದು ಆಮೇಲೆ ಅಂದುಕೊಂಡ. ಬೈಗುಳವೆಲ್ಲ ಅವಳ ನರೆತ ತಲೆಯ ಮೇಲೆ ಬೀಳುತ್ತಿತ್ತು, ಅವನು ಪಕ್ಕದ ಕುರ್ಚಿಯಲ್ಲಿ ಹನಿಯೂ ತಾಗದೆ ಕೂತಿದ್ದ.

ಡಾಕ್ಟರು ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಹಾಗಾದರೆ ಇದು ಮದ್ದು ಸೋತದ್ದೋ, ಮದ್ದು ಸಾಲದೆ ಹೋದದ್ದೋ ಈಗಲೇ ಹೇಳಲು ಬರುವುದಿಲ್ಲ ಎಂದರು. ಮತ್ತೆ ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಕಣ ಇನ್ನೂ ಪೂರ್ತಿ ಕಲಿತಿಲ್ಲವಾದರೆ ಇದೇ ಮಾತ್ರೆ, ಪೂರ್ತಿ ಆರು, ಅದರ ಜೊತೆಗೆ ಬೇರೆ ಬಗೆಯದೊಂದು. ಕಲಿತಿದ್ದರೆ ಬೇರೆ ದಾರಿ ನೋಡೋಣ.

"ಎರಡು ಬಲೆ" ಎಂದಳು ಅಬ್ಬೆ ಮೆಲ್ಲಗೆ. "ಒಂದ್ರಾಗೆ ನುಸುಳಿದ್ದು ಇನ್ನೊಂದಕ್ಕೆ."

"ಹೌದು. ಆದರೆ ಬಲೆಯನ್ನು ಅರ್ಧ ಕತ್ತರಿಸಿ ನೆರೆಮನೆಗೆ ಕೊಡಬಾರದು." ಡಾಕ್ಟರ ದನಿ ಇಳಿದಿತ್ತು. "ಆ ಇನ್ನೊಬ್ಬರು ಎಲ್ಲಿ? ಅವರಿಗೆ ಯಾಕೆ ಅವರದೇ ಮಾತ್ರೆ ಇಲ್ಲ?"

ಅವನು ಬಾಯಿ ತೆರೆದ.

"ಅವ್ಳ ಕಾಗ್ದ ಬಂದಿಲ್ಲ ಡಾಕ್ಟ್ರೆ" ಎಂದಳು ಅಬ್ಬೆ. "ಬತ್ತದೆ ಈಗ."

"ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ. ಇಬ್ಬರದೂ ಹಾಳು ಮಾಡಿಕೊಂಡಿದ್ದೀರಿ."

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಅವಳು ಒಂದು ಇಡ್ಲಿ ತಿಂದಳು. ಅವನಿಗೆ ಹಸಿವಿರಲಿಲ್ಲ. ಅವಳು ತಿನ್ನುವುದನ್ನು ನೋಡುತ್ತಾ, ಯಾಕೆ ಹಾಗೆ ಮಾಡಿದೆ ಎಂದು ಕೇಳಿದ. ಕೇಳುವ ಹಕ್ಕು ತನಗಿದೆ ಎಂಬಂತೆ ಸ್ವಲ್ಪ ಸಿಡುಕಿನಿಂದ ಕೇಳಿದ, ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳು ಚಟ್ನಿಯ ಕೈಯನ್ನು ಬಟ್ಟಲಂಚಿಗೆ ಒರೆಸಿಕೊಂಡಳು.

"ಮಳೆ ಹಿಡಿಯೂಕೆ ಮೊದ್ಲು ಒಂದಿನ ನೀ ಬುತ್ತಿ ಮರ್ತು ಹೋಗಿದ್ದೆ. ನಾ ತಕಂಡು ಬಂದೆ ನಿನ್ನ ಕಚೇರಿಗೆ. ನೀ ಬ್ಯಾಂಕಿಗೆ ಹೋಗಿದ್ದೆ ಅಂದ್ರು. ಇರುವೆ ಮುತ್ತತದೆ ಅಂತ ಡ್ರಾಯರು ಎಳ್ದು ಇಡೂಕೆ ಹೋದೆ. ಕಾಗ್ದ ಮೇಲೇ ಇತ್ತು. ನಂಗೆ ಅಕ್ಷರ ಬತ್ತಿಲ್ಲ. ಗಣಪಿಯ ಫೋಟೊ ಕಂಡ್ರೆ ಗೊತ್ತಾಗೂದಿಲ್ವಾ?"

ಅವನು ನೀರಿನ ಲೋಟವನ್ನು ಹಿಡಿದುಕೊಂಡ.

"ಬುತ್ತಿ ಮೇಜಿನ ಮೇಲೇ ಇಟ್ಟು ಬಂದೆ. ಆ ಸಂಜೆ ಮಾತ್ರೆ ಪಾಲು ಮಾಡ್ದೆ. ಬೆಳಗಿನದೊಂದು, ಸಂಜೆದೊಂದು. ಎತ್ಕಳೇ ಅಂದೆ. ಅವ್ಳು ಸಂಜೆದು ಎತ್ಕಂಡ್ಳು."

"ನಂಗೆ ಒಂದು ಮಾತು ಹೇಳೂಕಾಗ್ಲಿಲ್ವಾ? ಅವತ್ತೇ ಕಳಿಸ್ತಿದ್ದೆ."

"ಹೇಳಿದ್ರೆ ಕಳಿಸ್ತಿದ್ದೆ, ಗೊತ್ತು." ಅವಳು ಮಾತನ್ನು ಹುಡುಕಿದಳು. "ನಾ ಹೇಳ್ದೇ ಕಳಿಸ್ತ್ಯೇನೋ ಅಂತ ನೋಡ್ದೆ. ಇವತ್ತು ಕಳಿಸ್ತಾನೆ, ನಾಳೆ ಕಳಿಸ್ತಾನೆ. ಸಂಜೆ ನೀ ಪೆನ್ನು ಹಿಡ್ಕಂಡು ಬಂದಾಗೆಲ್ಲ, ಈಗ ಹೇಳ್ತಾನೆ ಅಂತ ಕಾಣ್ತಿತ್ತು. ಅದ್ರಾಗೇ ಐದು ತಿಂಗ್ಳು ಆತು." ಆಮೇಲೆ, ಅವನ ಮುಖ ನೋಡಿ, "ಬಿಡು, ಇಡ್ಲಿ ಮೆತ್ತಗದೆ, ಒಂದು ತಿನ್ನು" ಎಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ನಿದ್ದೆ ಹೋದಳು. ತಲೆ ಅವನ ಭುಜಕ್ಕೆ ವಾಲಿತ್ತು, ಹಗುರವಾಗಿ. ಇಷ್ಟು ಹಗುರವಾದದ್ದು ಯಾವಾಗ? ಅವಳನ್ನು ತಾನು ಕಾಯುತ್ತಿದ್ದೇನೆ ಎಂದು ಎಷ್ಟು ಸಂಜೆ ಹೆಮ್ಮೆಪಟ್ಟಿದ್ದ. ಅವಳು ಅವನನ್ನು ಕಾಯುತ್ತಿದ್ದಳು. ಅವನು ಹಾಕಿದ ಒಂದೊಂದು ಗುರುತೂ ಅವಳ ಕಣ್ಣೆದುರು ಅವನು ಮತ್ತೊಮ್ಮೆ ಹೇಳದೆ ಹೋದ ಒಂದೊಂದು ದಿನ. ಕ್ಯಾಲೆಂಡರು ಅವಳ ಮದ್ದಿನದಾಗಿರಲಿಲ್ಲ. ಹೊನ್ನಾವರ, ಮಂಕಿ, ಮುರ್ಡೇಶ್ವರದ ತಿರುವು, ರಸ್ತೆ ಅಗಲ ಮಾಡಲು ಕಡಿದ ಗುಡ್ಡಗಳ ಕೆಂಪು. ಅವನು ಕಣ್ಣು ಮುಚ್ಚಿದರೆ ಹೋಟೆಲಿನ ಪಕ್ಕದ ಮೇಜಿನವರು ಕಾಣುತ್ತಿದ್ದರು. ಅವರೆದುರು ತಾನು ಸಿಡುಕಿದ್ದು ಕಂಡು, ಇಷ್ಟರ ನಡುವೆಯೂ ಅದಕ್ಕಾಗಿ ನಾಚಿಕೆಯಾಗುತ್ತಿರುವುದು ಕಂಡು, ಇನ್ನೂ ನಾಚಿಕೆಯಾಯಿತು.

ಅಬ್ಬೆ ಮನೆಗೆ ಹೋಗಲು ಒಪ್ಪಲಿಲ್ಲ, ನೇರ ಮೀನುಪೇಟೆಗೆ ನಡೆದಳು. ಅವನು ಸಂಘಕ್ಕೆ ಹೋಗಿ ಮೊದಲನೇ ಡ್ರಾಯರು ಎಳೆದ. ಅರ್ಜಿಯ ಮೂಲೆ ಸುರುಳಿಯಾಗಿತ್ತು. ಅದನ್ನೂ ಶಾಯಿಯ ಪ್ಯಾಡನ್ನೂ ತೆಗೆದುಕೊಂಡು ಹೊರಟವನನ್ನು ಕೃಷ್ಣಾನಂದರು, "ಶನಿವಾರ ಸಂಜೆ ಯಾರ ಹೆಬ್ಬೆಟ್ಟಾ?" ಎಂದು ತಡೆದರು. ಅವನು ಹೇಳಿದ. ಅವರು ಏನೋ ತಮಾಷೆಗೆ ಬಾಯಿ ತೆರೆದು, ಅವನ ಮುಖ ಕಂಡು, ಮುಚ್ಚಿದರು. ಅಷ್ಟು ಸುಲಭವಾಗಿತ್ತು ಅದು.

ಪೇಟೆ ಖಾಲಿಯಾಗುವ ಹೊತ್ತು. ಗಣಪಿ ಮಣೆಯ ಮೇಲೆ ಕೂತು ಉಳಿದ ತಾರ್ಲೆಗೆ ನೀರು ಚಿಮುಕಿಸುತ್ತಿದ್ದಳು, ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು. ಅಬ್ಬೆ ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಏನಾ ಗುಮಾಸ್ತಾ, ಮೀನು ಬೇಕಾ ಹೆಬ್ಬೆಟ್ಟು ಬೇಕಾ?" ಎಂದಳು ಗಣಪಿ. ಉಸಿರು ಎಳೆಯುತ್ತಿದ್ದರೂ ಮಾತು ಹಳೆಯದೇ. ಆಮೇಲೆ ದನಿ ತಗ್ಗಿಸಿ, "ಈರು ಹೇಳಿದ್ಲು, ಇನ್ನು ಸಂಜೆ ಮಾತ್ರೆ ಇಲ್ಲಂತೆ. ಇರ್ಲಿ. ನೀ ಇಷ್ಟು ದಿನ ಆಸ್ಪತ್ರೆಯೋರ ಹತ್ರ ಈರುದು ಬಿಟ್ಟು ಹೆಚ್ಚಿಗೆ ಕೇಳಿ ತಂದ್ಕೊಟ್ಯಲ್ಲ, ಹೊಟ್ಟೆಲಿ ಹುಟ್ಟಿದವ್ರೂ ಮಾಡೂದಿಲ್ಲ ಮಗಾ" ಎಂದಳು.

ಅವನು ಅಬ್ಬೆಯನ್ನು ನೋಡಿದ. ಅವಳು ಎಲೆಯ ತೊಟ್ಟು ಮುರಿಯುವುದರಲ್ಲಿ ಮುಳುಗಿದ್ದಳು. ಐದು ತಿಂಗಳು ಅವಳು ತನ್ನ ಮಾತ್ರೆಯನ್ನು ಮಗನ ಹೆಸರಿನಲ್ಲಿ ಕೊಟ್ಟಿದ್ದಳು. ಅವಳು ಸುಳ್ಳು ಹೇಳಿದ್ದು ತನಗೆ ನೆನಪಿಲ್ಲವೆಂದು ಬೆಳಿಗ್ಗೆ ಅಂದುಕೊಂಡಿದ್ದ. ಈ ಒಂದು ಸುಳ್ಳಿನೊಳಗೆ ಅವನು ಸುಮ್ಮನೆ ಕೂತುಬಿಡಬಹುದಿತ್ತು, ಯಾರೂ ಎಬ್ಬಿಸುತ್ತಿರಲಿಲ್ಲ. ಬೆಚ್ಚಗಿತ್ತು ಅದು. ಅವನು ಒದ್ದೆ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತ.

"ಚಿಕ್ಕಿ, ನಾನು ಏನೂ ತಂದ್ಕೊಡ್ಲಿಲ್ಲ. ಅದು ಅಬ್ಬೆಯ ಮಾತ್ರೆ. ನಿನ್ನ ಅರ್ಜಿ ಮೇ ತಿಂಗಳಿಂದ ನನ್ನ ಡ್ರಾಯರಿನಲ್ಲೇ ಇತ್ತು."

ಗಣಪಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಅಬ್ಬೆಯ ಕಡೆ ನೋಡಿದಳು, ಅಬ್ಬೆಯ ವಾಸಿಯಾದ ಕೈಯ ಕಡೆ ನೋಡಿದಳು.

"ಎಂತಕಾ?"

"ಅವತ್ತು ನೀ ಎಲ್ಲರೆದುರು ಹಾಗಂದ್ಯಲ್ಲ. ಎಲ್ಲ ನಕ್ರು." ಬಾಯಿಂದ ಹೊರಬಿದ್ದಾಗ ಅದು ಎಷ್ಟು ಚಿಕ್ಕದಾಗಿತ್ತೆಂದರೆ ನೆಲದ ಮೇಲೆ ಬಿದ್ದರೆ ಹುಡುಕಬೇಕಿತ್ತು.

"ಅಷ್ಟಕ್ಕಾ?" ಎಂದಳು ಗಣಪಿ. ಸಿಟ್ಟಿನಿಂದಲ್ಲ. ನಿಜವಾಗಿಯೂ ಕೇಳುವವಳ ಹಾಗೆ, ಇನ್ನೇನಾದರೂ ಇದೆಯೋ ಎಂದು.

"ಅಷ್ಟಕ್ಕೆ."

ಅವಳು ಉಳಿದ ನೀರನ್ನು ತಾರ್ಲೆಯ ಮೇಲೆ ಚಿಮುಕಿಸಿ ಮುಗಿಸಿದಳು. ಆಮೇಲೆ ಬಲಗೈಯ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಬಿಚ್ಚಿ ಕೈ ಚಾಚಿದಳು. ಅವನು ಆ ಹೆಬ್ಬೆರಳನ್ನು ಪ್ಯಾಡಿಗೆ ಮುಟ್ಟಿಸಿ, ಉರಿಯುವುದೆಂದು ಮೆಲ್ಲಗೆ, ಹಾಳೆಯ ಮೇಲೆ ಒತ್ತಿದ. ನೇರಳೆ ಬಣ್ಣದ ಒಂದು ಮಚ್ಚೆ ಬಿತ್ತು. ಒಳಗೆ ಒಂದು ಗೆರೆಯೂ ಇರಲಿಲ್ಲ.

"ಇದು ಯಾರ್ದಂತ ಹೆಂಗೆ ಗೊತ್ತಾಗ್ತದೆ ಅವ್ರಿಗೆ?"

"ಸಾಕ್ಷಿ ಬರೀಬೇಕು" ಎಂದು ಅವನು ಬರೆದ. ಈ ಗುರುತು ಗಣಪಿಯದೇ; ಇವರು ಹೆಂಗಸು; ಇವರನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಅರ್ಜಿ ಬಂದ ದಿನದ ಚೌಕ ಇನ್ನೂ ಖಾಲಿಯಿತ್ತು. ಇಂದಿನ ತಾರೀಕು ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಮೇ ತಿಂಗಳ ತಾರೀಕು ಬರೆದು, ಕೆಳಗಿನ ಚೌಕದಲ್ಲಿ ಇಂದಿನದು ಬರೆದು, ನಡುವಿನ ತಡಕ್ಕೆ ಕಾರಣ ಎಂಬಲ್ಲಿ ತನ್ನ ಹೆಸರು ಬರೆದ.

ಅವನು ತಲೆಯೆತ್ತಿದಾಗ ಗಣಪಿ ಗೋಣಿಯ ಮೇಲೆ ಉಳಿದ ತಾರ್ಲೆಯನ್ನು ಎರಡು ಪಾಲು ಮಾಡುತ್ತಿದ್ದಳು. ಒಂದನ್ನು ಆಚೆಯಿಂದ ಈಚೆಗೆ ಇಟ್ಟಳು, ನೋಡಿದಳು, ಮತ್ತೆ ಆಚೆಗೇ ಇಟ್ಟಳು. ಅಬ್ಬೆ ರೂಢಿಯಂತೆ ಕೈ ಮುಂದೆ ಮಾಡಿದಳು.

"ನೀನಲ್ಲ" ಎಂದಳು ಗಣಪಿ. ಗದ್ದದಿಂದ ಅವನನ್ನು ತೋರಿಸಿದಳು. "ಅವ ಎತ್ಲಿ ಇವತ್ತು."

ಇಬ್ಬರು ಹೆಂಗಸರೂ ಕಾದರು. ದಿನೇಶ ಎರಡು ರಾಶಿಗಳನ್ನೂ ನೋಡಿದ, ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆಯೇ, ಯಾವುದು ಚಿಕ್ಕದೆಂದು ಈ ಸಲ ಹುಡುಕುತ್ತಾ. ಗಣಪಿ ಎರಡನ್ನೂ ಸಮ ಮಾಡಿದ್ದಳು, ಚಿಕ್ಕದು ಅಂತ ಒಂದನ್ನೂ ಬಿಟ್ಟಿರಲಿಲ್ಲ.